ಬಾಲ

ಹನ್ನೊಂದಕ್ಕೆ ವರದಿ ಬಿಡುಗಡೆ. ಅಲ್ಲಿಯ ತನಕ ಬಾಯಿಗೆ ಬೀಗ.
ಈಗ ಒಂಬತ್ತೂವರೆ. ಅಡಿಲೇಡಿನಲ್ಲಿ ಆಗಲೇ ಮೂವತ್ತೊಂಬತ್ತು ಡಿಗ್ರಿ,
ನಲ್ಲಿಯ ತಣ್ಣೀರೇ ಬಾಣಂತಿಗೆ ಕಾಯಿಸಿಟ್ಟ ಹಾಗಿದೆ.
ಹಿಂಡ್ಲಿ ಸ್ಟ್ರೀಟಿನ ಎರಡನೇ ಮಹಡಿಯಲ್ಲಿ ನನ್ನ ಕೆಲಸ ಇಷ್ಟೇ:
ಬಲ್ಲವರನ್ನು ಹಿಡಿದು, ಎರಡು ಸಾಲು ಹೇಳಿಸಿ,
ಪತ್ರಿಕೆಯವರಿಗೆ ತುತ್ತು ಮಾಡಿ ಕೊಡುವುದು.

ಮೊದಲ ಫೋನು ಬೆಂಡಿಗೋಗೆ, ಸಾವಿನ ಲೆಕ್ಕ ನೋಡುವ ಲೊರೇನ್ ಕಿಟೋಗೆ.
‘ಸೆಖೆಗೆ ಸತ್ತವರ ಅಂಕಿ ಬಂದಿದೆ. ಏನನ್ನುತ್ತೀರಿ?’
ಆಕೆ ಕೆಮ್ಮಿದರು, ಕಾಗದ ಮಗುಚಿದ ಸದ್ದು.
‘ಮರಣಪತ್ರದಲ್ಲಿ ಹೃದಯ ಎಂದಿರುತ್ತದೆ.
ತಗಡಿನ ಮಾಡು, ಕೆಟ್ಟ ಫ್ಯಾನು,
ಕರೆಂಟು ಬಿಲ್ಲಿಗೆ ಹೆದರಿ ಮುಚ್ಚಿಟ್ಟ ಎ.ಸಿ.,
ಇವನ್ನು ಬರೆಯಲು ಅಲ್ಲಿ ಕಾಲಂ ಇಲ್ಲ.
ಹಾಗಾಗಿ ನಿಜವಾದ ಸಂಖ್ಯೆ ಇನ್ನೂ ಹೆಚ್ಚಿರಬಹುದು.’

ಇರಬಹುದು.
ಪತ್ರಿಕೆಯ ಕೀರನ್‌ಗೆ ಈ ಮಾತು ಆಗುವುದಿಲ್ಲ.
‘ಹೌದೋ ಅಲ್ಲವೋ, ಒಂದೇ ಮಾತು ಕೊಡಿ’ ಎನ್ನುತ್ತಾನೆ,
ಅವನದೂ ತಪ್ಪಲ್ಲ, ಅವನಿಗಿರುವುದು ನಲವತ್ತು ಪದದ ಜಾಗ.

ಇಂಗ್ಲಿಷಿನಲ್ಲಿ ಅನುಮಾನ ಕ್ರಿಯಾಪದದ ಮುಂದೆ ಕೈಕಟ್ಟಿ ನಿಂತಿರುತ್ತದೆ,
ಪಕ್ಕಕ್ಕೆ ಸರಿ ಅಂದರೆ ಸರಿಯುತ್ತದೆ.
ನಾನು ಯೋಚಿಸುವ ಭಾಷೆಯಲ್ಲಿ ಅದು ಬಾಲ:
ಹೆಚ್ಚೀತು, ಒಣಗೀತು, ಹೆಚ್ಚಿರಬಹುದು.
ಕತ್ತರಿಸಿದರೆ ವಾಕ್ಯ ಹಲ್ಲಿಯಂತೆ ಗೋಡೆ ಹತ್ತಿ ಓಡುತ್ತದೆ,
ಇಲ್ಲಿ ಮೇಜಿನ ಮೇಲೆ
ಬಾಲವೊಂದೇ ಸ್ವಲ್ಪ ಹೊತ್ತು ಮಿಡುಕುತ್ತದೆ.

ಹತ್ತು ಇಪ್ಪತ್ತು. ಪೋರ್ಟ್ ಲಿಂಕನ್ನಿನ ನ್ಯಾನ್ಕಿವೆಲ್.
ಸಚಿವಾಲಯ ಅದನ್ನು ಆದ್ಯತೆಗಳ ಮರುಹೊಂದಾಣಿಕೆ ಎಂದಿದೆ,
ಅಂದರೆ ಜೂನ್ ಕೊನೆಗೆ ಇವರ ಪ್ರಯೋಗಾಲಯ ಇಲ್ಲ.
‘ನನ್ನದೇ ಮನೆಯ ಸಾವಿಗೆ ನಾನೇ ತಜ್ಞನೆ?’ ಎಂದು ನಕ್ಕರು.
ಆಮೇಲೆ ಬರೆಸಿದರು, ತಡೆತಡೆದು:
‘ಮೂವತ್ತೊಂದು ವರ್ಷ, ಪ್ರತಿ ಮಂಗಳವಾರ,
ಅದೇ ಕಟ್ಟೆಯಿಂದ ಒಂದು ಬಾಟಲಿ ಸಮುದ್ರದ ನೀರು.
ನನ್ನ ಹೆಂಡತಿಗೆ ಹೆರಿಗೆಯಾದ ಮಂಗಳವಾರವೂ.
ಇನ್ನು ಮುಂದೆ ಇಲ್ಲ.
ಸಮುದ್ರಕ್ಕೆ ಯಾರಾದರೂ ತಿಳಿಸಿದ್ದಾರೆಯೆ?’
ಸ್ವಲ್ಪ ತಡೆದು, ‘ಕೊನೆಯ ಸಾಲು ತೆಗೆದುಬಿಡಿ,
ಅದು ವಿಜ್ಞಾನ ಅಲ್ಲ.’
ತೆಗೆದೆ. ಹೆರಿಗೆಯನ್ನೂ ತೆಗೆದೆ, ಜಾಗವಿರಲಿಲ್ಲ.

ಬಾವಲಿಗಳ ಬ್ರಾನ್ವಿನ್ ಟ್ರೆಗಿಯರ್ ಫೋನೆತ್ತಲೇ ಇಲ್ಲ.
ಐದು ಸಲ, ಮತ್ತೆ ಮೂರು ಸಲ.
ಹನ್ನೊಂದು ಕಳೆಯಿತು, ತುತ್ತುಗಳು ಹೊರಟವು,
ಮಧ್ಯಾಹ್ನ ನಲವತ್ತನಾಲ್ಕು ದಾಟಿತು,
ಸಂಜೆ ಸುದ್ದಿಯಲ್ಲಿ ಲೊರೇನ್ ಹನ್ನೊಂದು ಸೆಕೆಂಡು ಬಂದರು,
ಬಾಲವಿಲ್ಲದೆ, ತುಂಬ ಖಚಿತವಾಗಿ.

ರಾತ್ರಿ ಎಂಟೂಮುಕ್ಕಾಲಿಗೆ ಒಂದು ಮೆಸೇಜು:
‘ಕ್ಷಮಿಸಿ. ಬೆಳಗಿನಿಂದ ಹೊಳೆದಂಡೆಯ ಮರಗಳ ಕೆಳಗಿದ್ದೆ.
ಸಾವಿರದ ನಾನ್ನೂರ ಆರು. ಎಣಿಕೆ ಮುಗಿದಿಲ್ಲ.
ಹೆಣ್ಣುಗಳನ್ನು ಒಂದೊಂದಾಗಿ ರೆಕ್ಕೆ ಬಿಡಿಸಿ ನೋಡುತ್ತಿದ್ದೇವೆ.
ತಾಯಿ ಸತ್ತಿದ್ದರೂ
ಮರಿ ಮೊಲೆ ಕಚ್ಚಿಕೊಂಡಿರುತ್ತದೆ,
ಬದುಕಿರಬಹುದು.’
ಹಿತಾಸಕ್ತಿ ಘೋಷಣೆ ಎಂಬ ಕಡ್ಡಾಯದ ಸಾಲಿನಲ್ಲಿ:
‘ಎರಡು ಬಾರಿ ಕಚ್ಚಿಸಿಕೊಂಡಿದ್ದೇನೆ. ಲಸಿಕೆ ಆಗಿದೆ.’

ಆ ಹೊತ್ತಿಗೆ ಯಾರಿಗೂ ಬೇಕಿರಲಿಲ್ಲ, ಕ್ರಿಕೆಟ್ ನಡೆಯುತ್ತಿತ್ತು.
ಆದರೂ ಕಳಿಸಿದೆ, ಎಲ್ಲ ಪತ್ರಿಕೆಗಳಿಗೂ,
ಇದ್ದ ಹಾಗೆಯೇ.
ಆಮೇಲೆ ಫ್ರಿಜ್ಜಿನಲ್ಲಿದ್ದ ನೀರಿನ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ
ಹೊಳೆಯ ಕಡೆ ನಡೆದೆ. ಹತ್ತು ನಿಮಿಷದ ದಾರಿ.
ದೂರದಿಂದ ಟಾರ್ಚುಗಳು ಕಂಡವು, ಏಳೋ ಎಂಟೋ,
ನೆಲಕ್ಕೆ ಬಾಗಿ, ನಿಂತು, ಮತ್ತೆ ಬಾಗಿ.